ಕಂಪೈಲ್ ಆಗದ ಹೆಸರು

"ಯಾರು ನೀವು? ನನ್ನ ಕುರ್ಚಿಯಲ್ಲಿ ಕೂತು ಏನ್ ಮಾಡ್ತಿದೀರಾ?"

ಅಕ್ಮರಾಲ್ ತಲೆ ಎತ್ತಲಿಲ್ಲ. ಪರದೆಯ ತುಂಬ ಕೆಂಪು ಸಾಲುಗಳು. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತಿದ್ದವು.

"ನಿಮ್ಮ ಬಿಲ್ಡ್ ಫೋಲ್ಡರ್ ಅಳಿಸ್ತಿದೀನಿ."

"ಏನು?"

"ಅಳಿಸಿದೆ."

ಒಂದು ಕೈಯಲ್ಲಿ ಚಹಾದ ಪಿಯಾಲೆ, ಇನ್ನೊಂದರಲ್ಲಿ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ತುಂಬಿದ ತಟ್ಟೆ ಹಿಡಿದು ನಿಂತಿದ್ದ ಆ ಎತ್ತರದ ಹುಡುಗ ಪರದೆಯತ್ತ ಬಾಗಿದ. "ಬೆಳಿಗ್ಗೆಯಿಂದ ಅದರ ಜೊತೆ ಕುಸ್ತಿ ಆಡ್ತಿದೀನಿ ನಾನು..."

"ಅದಕ್ಕೇ ಅಳಿಸಿದ್ದು. ನೀವು ಹೊಸ ಕಂಪೈಲರ್ ಹಾಕಿದೀರಿ. ಅದು ಇನ್ನೂ ಹಳೇದರ ವಿಳಾಸ ಇಟ್ಕೊಂಡು ಕೂತಿದೆ. ಮನೆ ಬಿಟ್ಟು ಹೋದವರ ಬಾಗಿಲು ತಟ್ಟಿದ್ರೆ ಯಾರು ತೆಗೀತಾರೆ?"

"ನಿಮ್ಮ ಊರಲ್ಲಿ ಹಲ್ಲು ನೋವು ಬಂದ್ರೆ ತಲೆನೇ ತೆಗೆದುಬಿಡ್ತಾರಾ?"

ಆಗ ಅವಳು ತಲೆ ಎತ್ತಿದಳು. ಅವನ ಕಣ್ಣುಗಳಲ್ಲಿ ಸಿಟ್ಟಿತ್ತು. ಸಿಟ್ಟಿನ ಹಿಂದೆ ಇನ್ನೇನೋ ಇತ್ತು... ನಗುವೇ?

ಅಷ್ಟರಲ್ಲಿ ಕೆಂಪು ಸಾಲುಗಳು ಮಾಯವಾಗಿ, ಪರದೆಯ ಮೇಲೆ ಕಿಟಕಿಯೊಂದು ತೆರೆದುಕೊಂಡಿತು. ಬಿಳಿ ಪರ್ವತ, ಅದರ ನೆತ್ತಿಯಲ್ಲಿ ಪುಟ್ಟ ಸರೋವರ, ಅಲ್ಲಿಂದ ಕಣಿವೆಗೆ ನಿಧಾನವಾಗಿ ಇಳಿಯುವ ನೀಲಿ.

ಅವನು ಪಿಯಾಲೆ ಕೆಳಗಿಟ್ಟ. ಸ್ವಲ್ಪ ಹೊತ್ತು ಆ ನೀಲಿಯನ್ನೇ ನೋಡಿ, ಆಮೇಲೆ ತಟ್ಟೆಯನ್ನು ಅವಳತ್ತ ತಳ್ಳಿದ.

"ಇನ್ನೊಂದು ಸಲ ತಲೆ ತೆಗೆಯೋ ಮುಂಚೆ ಒಂದು ಮಾತು ಹೇಳಿ."

ಪಕ್ಕದ ಮೇಜಿನಿಂದ ತುರ್ಸುನಾಯ್ ಎಜೆ ಕನ್ನಡಕದ ಮೇಲಿಂದ ಇಣುಕಿದಳು. ಕಚೇರಿಗೆಲ್ಲ ಅಕ್ಕನಂತಿದ್ದವಳು ಅವಳು. "ಜೋಮಾರ್ತ್, ನೀನು ಬೋರ್ಸೋಕ್ ಕೊಟ್ಟೆಯಾ? ಮೈ ಬಿಸಿ ಇದೆಯಾ ನೋಡ್ಕೋ."

ಹೀಗೆ ಶುರುವಾಯಿತು.

ಬಿಶ್ಕೆಕ್‌ನ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಅವರ ಕಚೇರಿ. ಹಿಮನದಿ ಕರಗಿ ತುಂಬುವ ಸರೋವರ ಒಡೆದರೆ ನೀರು ಯಾವ ದಾರಿ ಹಿಡಿಯುತ್ತದೆ, ಯಾವ ಬೀದಿಗೆ ಮೊದಲು ನುಗ್ಗುತ್ತದೆ ಎಂದು ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಂ ಅವರದು. ಆ ಲೆಕ್ಕ ಸಾಧಾರಣ ಪ್ರೊಸೆಸರಿನ ಕೈಗೆ ಎಟುಕುವಂಥದ್ದಲ್ಲ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡುವ ಆ ಭಾಗವನ್ನು ಬರೆದವನು ಜೋಮಾರ್ತ್. ಎಲ್ಲರೂ ಬರೆದದ್ದನ್ನು ಸೇರಿಸಿ, ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ, ಓಡುವ ಪ್ರೋಗ್ರಾಂ ಆಗಿಸುವುದು ಹೊಸದಾಗಿ ಸೇರಿದ ಅಕ್ಮರಾಲ್ ಕೆಲಸ.

ಅವಳದು ಸದಾ ಹೆದರುವ ಜೀವ. ಒಲೆ ಆರಿಸಿದ್ದೇನೆಯೇ ಎಂದು ಮೆಟ್ಟಿಲ ಅರ್ಧದಿಂದ ವಾಪಸು ಹೋಗುವವಳು. ಎದುರಿನವರ ಹುಬ್ಬು ಚೂರು ಗಂಟಾದರೂ, ನಾನೇನು ತಪ್ಪು ಮಾಡಿದೆ ಎಂದು ಮನಸ್ಸಿನಲ್ಲೇ ತಡಕಾಡುವವಳು. ಜೋಮಾರ್ತ್ ಹಾಗಲ್ಲ. ಕೊಚ್ಕೋರ್ ಕಣಿವೆಯವನು, ನಿಧಾನಸ್ಥ, ಒಂದು ಮಾತಿಗೆ ಎರಡು ಮಾತು ಆಡದವನು. ಸಂಜೆ ಓಕ್ ಮರಗಳ ಬೀದಿಯಲ್ಲಿ ಅವಳನ್ನು ಮನೆಯವರೆಗೆ ಬಿಟ್ಟುಬರುವಾಗ ದಾರಿಯುದ್ದಕ್ಕೂ ಮಾತಾಡುತ್ತಿದ್ದುದು ಅವಳೊಬ್ಬಳೇ.

ಒಂದು ದಿನ ಅವನು ಇದ್ದಕ್ಕಿದ್ದಂತೆ ಹೇಳಿದ. "ಬೇಸಿಗೆ ಮುಗೀಲಿ. ನಮ್ಮ ಅಪಾ ನಿಮ್ಮ ಮನೆಗೆ ಬರಬೇಕು ಅಂತಿದಾಳೆ."

ಯಾಕೆ ಎಂದು ಅವಳು ಕೇಳಲಿಲ್ಲ. ಹುಡುಗನ ತಾಯಿ ಹುಡುಗಿಯ ಮನೆಗೆ ಯಾಕೆ ಬರುತ್ತಾಳೆ ಎಂಬುದು ಕೇಳುವ ವಿಷಯವೇ? ಅಂದು ಒಲೆ ಆರಿಸಿದ್ದೇನೆಯೇ ಎಂದು ನೋಡುವುದನ್ನೂ ಮರೆತಳು.

ಆ ಬೇಸಿಗೆ ಮುಗಿಯುವ ಮೊದಲೇ ಎಲ್ಲವೂ ಮುಗಿದುಹೋಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು...

ಬೆಟ್ಟದ ಮೇಲೆ, ಅಂಥದೇ ಒಂದು ಸರೋವರದ ಕೆಳಗಿನ ಇಳಿಜಾರಿನಲ್ಲಿ ಕಾವಲುಮನೆಯೊಂದಿತ್ತು. ಅಲ್ಲಿ ಒಮುರ್‌ಬೆಕ್ ಅತಾ ಎಂಬ ಮುದುಕ ವರ್ಷಗಟ್ಟಲೆಯಿಂದ ನೀರಿನ ಮಟ್ಟ ನೋಡುತ್ತ ಬದುಕಿದ್ದ. ಇಲಾಖೆಯ ದೊಡ್ಡವರು ಅಲ್ಲಿಗೇ ಬಂದು ಪ್ರೋಗ್ರಾಂ ನೋಡುವವರಿದ್ದರು. ಹಿಂದಿನ ದಿನವೇ ಅಕ್ಮರಾಲ್, ಜೋಮಾರ್ತ್ ಇಬ್ಬರೂ ಮೇಲೆ ಹೋದರು. ಅಲ್ಲಿನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಹಳೆಯದು. ಅದಕ್ಕೆ ಹೊಂದುವಂತೆ ಅಲ್ಲೇ ಕಂಪೈಲ್ ಮಾಡಬೇಕು. ಸರೋವರದ ಹೊಸ ಅಳತೆ ಬಂದಾಗಲೆಲ್ಲ ಮತ್ತೆ ಮಾಡಬೇಕು.

ಮಧ್ಯಾಹ್ನ ಜೋಮಾರ್ತ್ ಪರೀಕ್ಷಿಸಿದ. "ಓಡ್ತಿದೆ," ಎಂದ. ಆಮೇಲೆ ನೀರಿನ ಮಾಪಕ ನೋಡಲು ಸರೋವರದ ಕಡೆ ನಡೆದ.

ಮುದುಕ ಚಹಾ ಬಗ್ಗಿಸುತ್ತ ಅವಳ ಪಕ್ಕ ಬಂದು ಕೂತ. "ಮಗಳೇ, ಈ ಯಂತ್ರ ನಂದೇ ಅಂತ ಇದಕ್ಕೆ ಗೊತ್ತಾಗೋದು ಹೇಗೆ? ಇದರ ಮೇಲೆ ಬರೀ 'ಪೋಸ್ಟ್' ಅಂತಿದೆ, ಕಾವಲುಮನೆ ಅಂತ ಅಷ್ಟೇ."

ಅವಳು ನಕ್ಕಳು. "ನಿಮ್ಮ ಹೆಸರಲ್ಲಿ ಖಾತೆ ಮಾಡಿಕೊಡ್ಲಾ, ಅತಾ?"

ಅವನ ಹೆಸರನ್ನು ಅವಳು ಕಿರ್ಗಿಜ್ ಲಿಪಿಯಲ್ಲಿ, ಅದರಲ್ಲಿನ ಎರಡು ವಿಶೇಷ ಅಕ್ಷರಗಳೂ ಬರುವಂತೆ, ಸರಿಯಾಗಿ ಬರೆದಳು. ರಷ್ಯನ್ ಅಕ್ಷರಮಾಲೆಯಲ್ಲಿ ಅವು ಇಲ್ಲ. ಅದಕ್ಕೇ ಸಂಬಳದ ಚೀಟಿಯಿಂದ ಗೋಡೆಯ ಫಲಕದವರೆಗೆ ಎಲ್ಲೆಡೆ ಅವನ ಹೆಸರು ಜೀವಮಾನವಿಡೀ ವಕ್ರವಾಗಿಯೇ ಇತ್ತು.

ಮುದುಕ ಪರದೆಯ ಹತ್ತಿರ ಮುಖ ತಂದು ನೋಡಿದ. ಬೆರಳಿನಿಂದ ಮುಟ್ಟಿದ. "ನಮ್ಮವ್ವ ಕರೀತಿದ್ದ ಹಾಗೇ ಇದೆ," ಎಂದ.

ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಜೋಮಾರ್ತ್‌ಗೆ ಹೇಳುವುದೇ ಮರೆತುಹೋಯಿತು.

ಮರುದಿನ ಜೀಪುಗಳು ಬಂದವು. ಮುದುಕ ಬಿಳಿ ಟೊಪ್ಪಿಗೆ, ಒಳ್ಳೆಯ ಕೋಟು ಹಾಕಿಕೊಂಡು ತನ್ನ ಹೆಸರಿನ ಖಾತೆ ತೆರೆದು ಹೆಮ್ಮೆಯಿಂದ ನಿಂತ. ಎಲ್ಲರೂ 'ಬಾಯ್ಕೆ', ಅಂದರೆ ಅಣ್ಣ, ಎನ್ನುತ್ತಿದ್ದ ಕಚೇರಿಯ ಮುಖ್ಯಸ್ಥ ಶಾರ್ಶೆನ್ ಅತಿಥಿಗಳಿಗೆ ವಿವರಿಸುತ್ತಿದ್ದ. "ಈಗ ಇವತ್ತಿನ ಅಳತೆ ಹಾಕ್ತೀವಿ. ನೋಡಿ..."

ಅಕ್ಮರಾಲ್ ಕಂಪೈಲ್ ಶುರುಮಾಡುವ ಬಿಲ್ಡ್ ಗುಂಡಿ ಒತ್ತಿದಳು.

ಕೆಂಪು.

ಮತ್ತೆ ಒತ್ತಿದಳು. ಮತ್ತೆ ಕೆಂಪು. ಫೋಲ್ಡರ್ ಅಳಿಸಿ ಮೊದಲಿನಿಂದ ಮಾಡಿದಳು. ಕಾರ್ಡಿನ ಭಾಗ ಬಂದೊಡನೆ ಮತ್ತದೇ ಕೆಂಪು. ಫೈಲ್ ಸಿಗುತ್ತಿಲ್ಲ ಎನ್ನುತ್ತಿತ್ತು. ಯಾವ ಫೈಲ್? ಅಕ್ಷರಗಳು ಅವಳ ಕಣ್ಣಿಗೆ ನಿಲ್ಲುತ್ತಲೇ ಇರಲಿಲ್ಲ. ಬೆನ್ನ ಹಿಂದೆ ಬೂಟುಗಳ ಸದ್ದು, ಯಾರದೋ ಕೆಮ್ಮು, ಶಾರ್ಶೆನ್ ಬಾಯ್ಕೆಯ ಬಿಗಿದ ಉಸಿರು.

"ಏನಾಯ್ತು?"

"ಗೊತ್ತಿಲ್ಲ ಬಾಯ್ಕೆ... ನಿನ್ನೆ..."

"ನಿನ್ನೆ ಕತೆ ಬೇಡ. ಇದು ಯಾರ ಭಾಗ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮನಸ್ಸಿನೊಳಗೆ ಒಂದೇ ಮಾತು ಸುತ್ತುತ್ತಿತ್ತು. ನನ್ನದಲ್ಲ... ನನ್ನದಾಗದಿರಲಿ...

"ಕಾರ್ಡಿನ ಭಾಗ ಜೋಮಾರ್ತ್‌ದು. ಪರೀಕ್ಷೆ ಮಾಡಿದೀನಿ ಅಂದಿದ್ದ."

ಅಂದಿದ್ದ. ಆ ಒಂದು ಪದ ಬಾಯಿಂದ ಹೊರಬಿದ್ದ ರೀತಿ ಅವಳಿಗೇ ಕೇಳಿಸಿತು. ಆದರೆ ಆಗಲೇ ತಡವಾಗಿತ್ತು.

ಜೋಮಾರ್ತ್ ಮುಂದೆ ಬಂದು ಪರದೆಗೆ ಬಾಗಿದ. ಒಂದು ಸಾಲಿನ ಮೇಲೆ ಅವನ ಕಣ್ಣು ನಿಂತಿತು. ಪರದೆಯ ಮೂಲೆಯಲ್ಲಿದ್ದ ಹೆಸರನ್ನು ನೋಡಿದ. ಗೋಡೆಗೆ ಒರಗಿ ನಿಂತಿದ್ದ ಮುದುಕನನ್ನು ನೋಡಿದ. ಕೊನೆಗೆ ಅವಳನ್ನು.

"ನನ್ನದೇ ತಪ್ಪು, ಬಾಯ್ಕೆ," ಎಂದ.

ಜೀಪು ಹತ್ತುವ ಮುಂಚೆ ಅವಳು ಬಾಗಿಲ ಬಳಿ ಅವನನ್ನು ತಡೆದಳು. ಅವನು ಸರಿಮಾಡಲೆಂದು ಅಲ್ಲೇ ಉಳಿದಿದ್ದ.

"ಪರೀಕ್ಷೆ ಮಾಡಿದ್ದೆ ಅಂತ ನನಗ್ಯಾಕೆ ಸುಳ್ಳು ಹೇಳಿದೆ?"

"ನಾನು ಸುಳ್ಳು ಹೇಳಿದೆ ಅಂತ ನಿನಗೆ ಅನ್ಸುತ್ತಾ?"

"ನೀನೇ ಒಪ್ಕೊಂಡ್ಯಲ್ಲ. ಎಲ್ಲರ ಮುಂದೆ!"

ಅವನು ಏನೋ ಹೇಳಲು ಹೊರಟವನು ತಡೆದುಕೊಂಡ. "ಹೋಗು. ಜೀಪು ಕಾಯ್ತಿದೆ."

ಅವಳು ಹೋದಳು.

ಅಂದೇ ಪ್ರೋಗ್ರಾಂ ಓಡಿತು. ಆದರೆ ನೋಡಬೇಕಾದವರು ಹೊರಟುಹೋಗಿದ್ದರು. ಆ ವಾರವೇ ಜೋಮಾರ್ತ್ ಕೆಲಸ ಕಳೆದುಕೊಂಡ. ತನ್ನ ಪಿಯಾಲೆಯನ್ನು ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡು, ತುರ್ಸುನಾಯ್ ಎಜೆಗೆ ಎದೆಯ ಮೇಲೆ ಕೈಯಿಟ್ಟು ವಂದಿಸಿ ನಡೆದ. ಅಕ್ಮರಾಲ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಒಂದು ಮಾತು ಹೇಳಿ ಹೋಗಬಾರದೇ? ಅವನಿಗೇ ಬೇಡವಾದರೆ ನಾನ್ಯಾಕೆ...

ಅವಳು ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಬೇಸಿಗೆ ಮುಗಿಯಿತು. ಅವಳ ಮನೆಗೆ ಯಾರೂ ಬರಲಿಲ್ಲ.

ಮರುವರ್ಷದ ವಸಂತ. ಕಚೇರಿಗೆ ಹೊಸ ಹುಡುಗಿ ಸೇರಿದಳು, ಉಮುತ್ ಎಂದು. ಅವಳ ಯಂತ್ರವನ್ನು ಅಣಿಗೊಳಿಸಿದ್ದು ಅಕ್ಮರಾಲ್. ಅಂದು ಮುದುಕನಿಗೆ ಮಾಡಿಕೊಟ್ಟಂತೆಯೇ ಹುಡುಗಿಯ ಹೆಸರನ್ನು ಕಿರ್ಗಿಜ್ ಲಿಪಿಯಲ್ಲೇ ಬರೆದು ಖಾತೆ ತೆರೆದಳು.

"ಎಜೆ, ಇದು ಕಂಪೈಲ್ ಆಗ್ತಿಲ್ಲ," ಎಂದಳು ಉಮುತ್. "ಫೈಲ್ ಸಿಗ್ತಿಲ್ಲ ಅನ್ನುತ್ತೆ. ನಾನೇನೂ ಮುಟ್ಟಿಲ್ಲ, ಆಣೆಗೂ."

"ಹೆದರಬೇಡ, ನೋಡೋಣ."

ಅಕ್ಮರಾಲ್ ಬಾಗಿದಳು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಅವಸರವೂ ಇರಲಿಲ್ಲ. ಹಾಗಾಗಿ ಈ ಸಲ ಆ ಕೆಂಪು ಸಾಲನ್ನು ಓದಿದಳು.

ಸಿಗದಿದ್ದ ಫೈಲಿನ ದಾರಿಯ ನಡುವೆ ಉಮುತ್‌ಳ ಹೆಸರಿತ್ತು. ಆ ಹೆಸರಿನ ಎರಡು ಅಕ್ಷರಗಳ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳು.

ಅವಳು ಅದೇ ಸಾಲನ್ನು ಮತ್ತೆ ಮತ್ತೆ ಓದಿದಳು.

ಪ್ರೋಗ್ರಾಂ ಎಲ್ಲೇ ಇರಲಿ, ಕಾರ್ಡಿನ ಕಂಪೈಲರ್ ಕೆಲಸದ ನಡುವಿನ ತಾತ್ಕಾಲಿಕ ತುಣುಕುಗಳನ್ನು ಬಳಕೆದಾರರ ಹೆಸರಿನ ಫೋಲ್ಡರಿನೊಳಗೆ ಇಡುತ್ತದೆ. ರಷ್ಯನ್‌ಗೆ ಹೊಂದಿಸಿದ ಯಂತ್ರದಲ್ಲಿ ಆ ಕಂಪೈಲರ್‌ಗೆ ಕಿರ್ಗಿಜ್‌ನ ಆ ಅಕ್ಷರಗಳು ಕಾಣವು. ಅವುಗಳ ಜಾಗದಲ್ಲಿ ಪ್ರಶ್ನೆ ಹಾಕುತ್ತದೆ, ಆಮೇಲೆ ಆ ಪ್ರಶ್ನೆಯ ಹೆಸರಿನ ಫೋಲ್ಡರನ್ನೇ ಹುಡುಕುತ್ತದೆ. ಇಲ್ಲದ ಮನೆಯನ್ನು.

ಆ ದಿನವೂ... ಆ ದಿನವೂ ಇದೇ ಸಾಲು ಇತ್ತಲ್ಲವೇ?

"ಎಜೆ, ಹುಷಾರಿದೀರಾ? ನೀರು ತರ್ಲಾ?"

ಅಕ್ಮರಾಲ್ ಅಂಗಳಕ್ಕೆ ಹೋಗಿ ಕಾವಲುಮನೆಗೆ ಫೋನ್ ಹಚ್ಚಿದಳು. ಗಾಳಿಯ ಸದ್ದಿನ ನಡುವೆ ಮುದುಕನ ದನಿ ಕೇಳಿತು.

"ಅತಾ, ಹೋದ ವರ್ಷ ನಾವೆಲ್ಲ ಜೀಪು ಹತ್ತಿದ ಮೇಲೆ ಜೋಮಾರ್ತ್ ಏನು ಮಾಡಿದ?"

"ಏನು ಮಾಡೋದು? ಚಹಾ ಆರೋದ್ರೊಳಗೆ ಸರಿಮಾಡಿದ. ಚಿಲ್ಲರೆ ಸಾಮಾನಿಗೆ ಬೇರೆ ಡಬ್ಬ ಕೊಟ್ಟಿದೀನಿ, ಇನ್ನು ತೊಂದರೆ ಕೊಡಲ್ಲ ಅಂದ."

"ತಪ್ಪು ಯಾರದು ಅಂತ ಹೇಳಿದ್ನಾ?"

"ನನ್ನ ಹೆಸರಿಂದ ಆಯ್ತಾ ಮಗನೇ, ಅಳಿಸಿಬಿಡು ಅಂದೆ. ಬೇಡ ಅತಾ, ನಿಮ್ಮ ಹೆಸರು ಸರಿಯಾಗೇ ಇದೆ, ಅದನ್ನ ಓದಕ್ಕೆ ಬರದೇ ಇರೋದು ಯಂತ್ರಕ್ಕೆ ಅಂದ. ಯಾರಿಗೂ ಹೇಳ್ಬೇಡಿ ಅಂತಲೂ ಅಂದ. ಈಗ ನಿನಗೆ ಹೇಳಿಬಿಟ್ಟೆ, ನೋಡು."

ಅವಳು ಅಂಗಳದ ಪಾಪ್ಲರ್ ಮರಕ್ಕೆ ಒರಗಿ ನಿಂತಳು. ಅವನು ಪರೀಕ್ಷೆ ಮಾಡಿದ್ದ. 'ಪೋಸ್ಟ್' ಎಂಬ ಹಳೆಯ ಖಾತೆಯಲ್ಲಿ ಮಾಡಿದ್ದ, ಓಡಿತ್ತು. ಅದಾದ ಮೇಲೆ ಖಾತೆ ಬದಲಿಸಿದ್ದು ಅವಳು. ತಪ್ಪು ಅವಳದು. ಅದನ್ನು ಅವನ ತಲೆಗೆ ಕಟ್ಟಿದ್ದೂ ಅವಳು. ಒಂದು ವರ್ಷ ಅವನನ್ನು ಸುಳ್ಳುಗಾರನೆಂದು ಎಣಿಸಿ ಕೊರಗಿದ್ದೂ ಅವಳೇ...

ಒಳಗೆ ಬಂದು ಶಾರ್ಶೆನ್ ಬಾಯ್ಕೆಯ ಮೇಜಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. ಖಾತೆ ಬದಲಿಸಿದ್ದು ತಾನು, ತಪ್ಪು ಜೋಮಾರ್ತ್‌ನದಲ್ಲ ಎಂದಳು.

ಬಾಯ್ಕೆ ಹಣೆ ಉಜ್ಜಿಕೊಂಡ. "ಅವನ ಜಾಗಕ್ಕೆ ಬೇರೆಯವರು ಬಂದಾಗಿದೆ, ಅಕ್ಮರಾಲ್."

"ಗೊತ್ತು."

"ನಾನೂ ಏನಾಯ್ತು ಅಂತ ಕೇಳಲಿಲ್ಲ. ಒಪ್ಪಿಕೊಂಡವನನ್ನ ಬಯ್ಯೋದು ಸುಲಭ ಇತ್ತು." ಅವನು ಕಿಟಕಿಯತ್ತ ತಿರುಗಿದ. "ನನ್ನ ಪರವಾಗಿಯೂ ಕ್ಷಮೆ ಕೇಳು."

ತುರ್ಸುನಾಯ್ ಎಜೆ ಅವಳ ಕೋಟನ್ನು ತಂದು ಹೆಗಲಿಗೆ ಹಾಕಿದಳು. "ಇನ್ನೂ ನಿಂತಿದೀಯಾ? ಅಳೋದಿದ್ರೆ ಟ್ಯಾಕ್ಸಿಯಲ್ಲಿ ಅಳು. ಕೊಚ್ಕೋರ್ ದೂರ ಇದೆ, ಬೇಕಾದಷ್ಟು ಹೊತ್ತು ಸಿಗುತ್ತೆ."

ಕೊಚ್ಕೋರ್‌ನಲ್ಲಿ ನೀಲಿ ಗೇಟಿನ ಮನೆ. ಅಂಗಳದಲ್ಲಿ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಬಣ್ಣದ ಕಂಬಳಿಯ ತುಂಡುಗಳನ್ನು ಹರಡಿಕೊಂಡು ಶಿರ್ದಾಕ್ ಎಂಬ ನೆಲಹಾಸಿಗೆ ಚಿತ್ತಾರ ಕತ್ತರಿಸುತ್ತಿದ್ದಳು. ಅಕ್ಮರಾಲ್‌ಳನ್ನು ಕಂಡವಳೇ ಕತ್ತರಿಯಿಂದ ಹಾಸಿನ ಕಡೆ ತೋರಿಸಿದಳು.

"ಕೂತ್ಕೋ ಮಗಳೇ. ಕಂಪ್ಯೂಟರ್ ರಿಪೇರಿಗೆ ಬಂದೆಯಾ? ಮಗ ಶಾಲೆಗೆ ಪಾಠ ಮಾಡಕ್ಕೆ ಹೋಗಿದಾನೆ, ಬರ್ತಾನೆ. ಚಹಾ ಕುಡಿ."

ಚಹಾ ಬಂತು, ಕೆನೆ ಬಂತು, ರೊಟ್ಟಿ ಬಂತು. ಮಾತೂ ಬಂತು.

"ನನ್ನ ಮಗ ಬಿಶ್ಕೆಕ್‌ನಲ್ಲಿ ದೊಡ್ಡ ಕೆಲಸದಲ್ಲಿದ್ದ. ಒಬ್ಬಳು ಹುಡುಗಿ ಅವನ ಹೆಸರಿಗೆ ಮಸಿ ಬಳಿದ್ಲು. ಕೇಳಿದ್ರೆ ಬಾಯೇ ಬಿಡಲ್ಲ ಇವನು. ಕಚೇರಿಯವರಿಂದ ಕೇಳಿದ್ದು, ಕೋಡೋ ಏನೋ ಕೆಟ್ಟಿತಂತೆ, ಅವಳು ಇವನ ಕಡೆ ಬೆರಳು ತೋರಿಸಿದ್ಲಂತೆ, ಇವನ ಕೆಲಸ ಹೋಯ್ತಂತೆ. ಅಂಥವಳ ಮನೆಗೆ ನಾನು ಹೋಗಬೇಕು ಅಂತ ಹೊಸ ಚಪ್ಪಲಿ ಬೇರೆ ತಗೊಂಡಿದ್ದೆ. ಒಂದ್ಸಲ ಕೈಗೆ ಸಿಗಲಿ..."

ಅಕ್ಮರಾಲ್ ಪಿಯಾಲೆಯನ್ನು ಕೆಳಗಿಟ್ಟಳು.

"ಅದು ನಾನೇ, ಅಪಾ."

ಕತ್ತರಿ ನಿಂತಿತು. ಹೆಂಗಸು ಅವಳ ಒದ್ದೆ ಕಣ್ಣುಗಳನ್ನು, ಮಡಿಲಲ್ಲಿ ಬಿಗಿದುಕೊಂಡ ಬೆರಳುಗಳನ್ನು ನೋಡಿದಳು. ಮತ್ತೆ ಕೆಟಲ್ ಎತ್ತಿದಳು.

"ಆರಿಹೋಯ್ತು ನಿಂದು. ಬಿಸಿ ಹಾಕ್ತೀನಿ, ಕುಡಿ. ಆಮೇಲೆ ಬಯ್ತೀನಿ."

ಬಯ್ಯಲಿಲ್ಲ. ಕತ್ತರಿಯನ್ನು ಅವಳ ಕೈಗೆ ಕೊಟ್ಟಳು. "ಸೀಮೆಸುಣ್ಣದ ಗೆರೆ ಮೇಲೆ ಕತ್ತರಿಸು. ಸುಮ್ನೆ ಕೂತು ಕಾದ್ರೆ ಹೊತ್ತು ಹೋಗಲ್ಲ," ಎಂದು ಒಳಗೆ ಹೋದಳು.

ಜೋಮಾರ್ತ್ ಬಂದಾಗ ಬಿಸಿಲು ಬೆಟ್ಟದ ಮೇಲಕ್ಕೆ ಸರಿದಿತ್ತು. ಗೇಟಿನ ಬಳಿಯೇ ನಿಂತುಬಿಟ್ಟ. ತೆಳ್ಳಗಾಗಿದ್ದ. ತೋಳಿನ ಮೇಲೆ ಸೀಮೆಸುಣ್ಣದ ಪುಡಿ.

"ಅಕ್ಮರಾಲ್..."

ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. "ಒಮುರ್‌ಬೆಕ್ ಅತಾನ ಖಾತೆ ಮಾಡಿದ್ದು ನಾನು," ಎಂದಳು. "ತಪ್ಪು ನಂದು. ಇವತ್ತೇ ಗೊತ್ತಾಗಿದ್ದು. ಎಲ್ಲರ ಮುಂದೆ ಹೇಳಿದೀನಿ. ಶಾರ್ಶೆನ್ ಬಾಯ್ಕೆನೂ ಕ್ಷಮೆ ಕೇಳಿದಾರೆ. ಆದರೆ ಕೆಲಸ ವಾಪಸ್ ಸಿಗಲ್ಲ. ಏನೂ ವಾಪಸ್ ಸಿಗಲ್ಲ. ಆದ್ರೂ ಬಂದೆ."

ಅವನು ಬಂದು ಹಾಸಿನ ಆಚೆ ತುದಿಯಲ್ಲಿ ಕೂತ. ನಡುವೆ ಕೆಂಪು, ಕಪ್ಪು ತುಂಡುಗಳು.

"ಅತಾ ಬಾಯಿಬಿಟ್ರಾ?"

"ನಿನಗೆ ಆಗಲೇ ಗೊತ್ತಿತ್ತು," ಎಂದಳು. ಅವಳಿಗೇ ತಿಳಿಯದಂತೆ ದನಿ ಏರಿತು. "ಪರದೆ ನೋಡಿದ ಕೂಡಲೇ ಗೊತ್ತಿತ್ತು. ಒಂದು ಮಾತು ಹೇಳ್ಬಹುದಿತ್ತಲ್ಲ? ಬಾಗಿಲ ಹತ್ರ ನಾನು ಕೇಳ್ದಾಗಲಾದ್ರೂ? ನೀನು ನನ್ನ ಕಾಪಾಡಲಿಲ್ಲ, ಜೋಮಾರ್ತ್. ನಾನು ಎಂಥವಳು ಅಂತ ನನಗೇ ತಿಳಿಯದ ಹಾಗೆ ಒಂದು ವರ್ಷ ಬಿಟ್ಟೆ."

ಅವನು ತಲೆ ತಗ್ಗಿಸಿದ. ಅವನಿಗೆ ಮಾತು ಕಷ್ಟ. ಆದರೆ ಈ ಸಲ ಪ್ರಯತ್ನಪಟ್ಟ.

"ಅತಾ ಕೋಟು ಹಾಕ್ಕೊಂಡು ನಿಂತಿದ್ರು. ಅಷ್ಟು ಜನರ ಮುಂದೆ ಅವರ ಹೆಸರೇ ತಪ್ಪು ಅಂತ ಹೇಳಕ್ಕೆ ಆಗಲಿಲ್ಲ. ನಿನ್ನ ಮುಖ ಬಿಳುಚಿತ್ತು... ಅದೂ ನೋಡಕ್ಕಾಗಲಿಲ್ಲ. ಅಲ್ಲಿವರೆಗೆ ಸರಿ." ಒಂದು ಕಂಬಳಿಯ ಚೂರನ್ನು ಬೆರಳಲ್ಲಿ ಮಡಿಸಿದ. "ಆಮೇಲೆ ಹೇಳದೇ ಇದ್ದದ್ದು ಒಳ್ಳೆತನ ಅಲ್ಲ. ಜಂಭ. ಇವಳು ನನ್ನ ನಂಬಬೇಕಿತ್ತು, ತಾನೇ ತಿಳ್ಕೊಂಡು ಬರಲಿ ಅಂತ ಕಾಯ್ತಾ ಕೂತೆ. ನಿನಗೆ ಶಿಕ್ಷೆ ಅಂದ್ಕೊಂಡೆ. ನನಗೂ ಆಯ್ತು."

ಅಕ್ಮರಾಲ್‌ಗೆ ಅಳು ಬಂತು. ಅವನು ಅವಳ ಬಳಿಗೆ ಬರಲಿಲ್ಲ, ಬೇರೆಡೆ ನೋಡಲೂ ಇಲ್ಲ. ಅವಳ ಅಳು ತಗ್ಗುವವರೆಗೂ ಅಲ್ಲೇ, ಅವಳನ್ನೇ ನೋಡುತ್ತ ಕೂತಿದ್ದ. ಒಂದು ವರ್ಷ ಹೋಗಿತ್ತು. ಅವನ ಜಾಗದಲ್ಲಿ ಬೇರೆಯವರ ಪಿಯಾಲೆ ಇತ್ತು. ಅವನು ಬಿಶ್ಕೆಕ್‌ಗೆ ಮರಳುವನೋ ಇಲ್ಲವೋ ಯಾರಿಗೂ ತಿಳಿಯದು. ಹೋದದ್ದನ್ನು ಯಾರೂ ಹೊಲಿದು ಕೊಡಲಾರರು.

ಆದರೂ ಅವನು ಎದುರಿಗೆ ಕೂತಿದ್ದ.

"ನಿನ್ನ ಮೇಲಿನ ಪ್ರೀತಿ ಹೋಗಿಲ್ಲ," ಎಂದಳು ಅವಳು, ಕಣ್ಣು ಒರೆಸಿಕೊಳ್ಳುತ್ತ. "ಸಿಟ್ಟಲ್ಲೂ ಹೋಗಲಿಲ್ಲ. ಅದನ್ನೂ ಹೇಳ್ಬೇಕು ಅಂತಲೇ ಬಂದೆ."

"ನನ್ನದೂ," ಎಂದ ಅವನು. ಅಷ್ಟು ಸಾಲದು ಎನಿಸಿತೇನೋ, ಇನ್ನೊಮ್ಮೆ ಹೇಳಿದ. "ನನಗೂ ಹೋಗಿಲ್ಲ, ಅಕ್ಮರಾಲ್. ಒಂದು ದಿನವೂ."

ಒಳಗಿನಿಂದ ತಾಯಿಯ ದನಿ ಬಂತು. "ಮಾತು ಮುಗಿದ್ರೆ ಹೇಳಿ, ಹಿಟ್ಟು ಕಲಸಿದೀನಿ."

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ನಿಂತಿತು, ಆದರೂ ನಗುವೇ.

"ಇನ್ನು ಮುಂದೆ ನಾನು ತಪ್ಪು ಮಾಡಿದ್ರೆ ಹೇಳ್ತೀಯಾ?" ಎಂದು ಕೇಳಿದಳು.

"ಹೇಳ್ತೀನಿ."

"ಈಗಲೇ ಒಂದು ಹೇಳು. ನಂಬಿಕೆ ಬರಲಿ."

ಅವನು ಅವಳ ಕೈಯಲ್ಲಿದ್ದ ತುಂಡನ್ನು ನೋಡಿದ. "ಗೆರೆ ಒಂದು ಕಡೆ ಇದೆ, ನೀನು ಇನ್ನೊಂದು ಕಡೆ ಕತ್ತರಿಸಿದೀಯ. ಅಪಾ ನೋಡಿದ್ರೆ ಈಗ ನಿಜವಾಗ್ಲೂ ಬಯ್ತಾಳೆ."

"ಮತ್ತೆ?"

"ಮತ್ತೆ..." ಗೇಟಿನಾಚೆ ಬೀದಿಯತ್ತ ಒಮ್ಮೆ ನೋಡಿದ. "ಬಿಶ್ಕೆಕ್‌ಗೆ ಹೋಗೋ ಕೊನೇ ಟ್ಯಾಕ್ಸಿ ಆಗಲೇ ಹೋಯ್ತು. ನಾನು ಬರುವಾಗ ಎದುರಿಗೇ ಸಿಕ್ಕಿತ್ತು. ಬಂದ ಕೂಡಲೇ ಹೇಳಬೇಕಿತ್ತು."

ಅಕ್ಮರಾಲ್ ತಪ್ಪಿದ ತುಂಡನ್ನು ಪಕ್ಕಕ್ಕಿಟ್ಟು, ಹೊಸದೊಂದನ್ನು ಮಡಿಲಿಗೆ ಎಳೆದುಕೊಂಡಳು.

"ಡ್ರೈವರ್ ಗೇಟಿಗೇ ಬಂದು ಕೇಳಿದ್ದ," ಎಂದಳು. "ನಾನು ಬರಲ್ಲ ಅಂದೆ."